ಉಸಿರು ಕಟ್ಟಿದ ಒಲೆ

ನಾರಾಯಣಖೇಡದ ಆಚೆಗಿನ ಹಳ್ಳಿಯಲ್ಲಿರುವ ನಮ್ಮ ದೊಡ್ಡವ್ವನ ಮನೆಯಲ್ಲಿ ಪೆಲೆಟ್ ಒಲೆಯೊಂದು ಎರಡು ವರ್ಷ ಹುಣಸೆಹಣ್ಣಿನ ಡಬ್ಬಿಯಾಗಿ ಕೂತಿತ್ತು. ಬೆಂಕಿ ಉರಿಯಬೇಕಾದ ಗುಂಡಿಯಲ್ಲಿ ಹುಣಸೆ, ಅದರ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಹಳೆಯ ಗಂಟು. ಪಕ್ಕದಲ್ಲಿ ಮೂರು ಕಲ್ಲಿನ ಒಲೆಗೆ ತೊಗರಿ ಕಟ್ಟಿಗೆ ತುರುಕಿ ದೊಡ್ಡವ್ವ ಊದುಗೊಳವೆ ಹಿಡಿದಿದ್ದಳು. ಕಣ್ಣು ಕೆಂಪಾಗಿದ್ದವು.

"ಯಾಕ್ ದೊಡ್ಡವ್ವಾ, ಇದನ್ಯಾಕ್ ಬಿಟ್ಟಿ?" ಎಂದೆ.

"ಹೊಗಿ ಬರ್ಲಕತ್ತಿತ್ತು ತಮ್ಮಾ. ಅದರ ಉಸುರು ಕಟ್ಟ್ಯದ," ಎಂದಳು.

ರಿಪೇರಿಯವರು ಆಡುವ ಮಾತನ್ನೇ ಆಕೆ ಇನ್ನೂ ಚೆನ್ನಾಗಿ ಆಡಿದ್ದಳು. ಆ ಭಾನುವಾರ ಹುಣಸೆಹಣ್ಣನ್ನು ಬೇರೆ ಡಬ್ಬಿಗೆ ಸುರಿದು, ಒಲೆಯನ್ನು ಅಂಗಳದ ಬಿಸಿಲಿಗೆ ತಂದು ಬಿಚ್ಚಿದೆವು. ಕೆಳಗಿನ ಜಾಲರಿಯ ತೂತುಗಳಲ್ಲಿ ಬೂದಿ ಕಲ್ಲಿನಂತೆ ಗಟ್ಟಿಯಾಗಿತ್ತು. ಮೇಲಿನ ಅಂಚಿನ ಸಣ್ಣ ತೂತುಗಳಲ್ಲಿ ಅರ್ಧಕ್ಕರ್ಧ ಡಾಂಬರಿನಂಥ ಕಪ್ಪು ಅಂಟಿನಿಂದ ಮುಚ್ಚಿಹೋಗಿದ್ದವು. ಪಂಖಾದ ನಡುಗಂಬಕ್ಕೆ ತಲೆಗೂದಲು, ಗೋಣಿಚೀಲದ ನಾರು ಸುತ್ತಿಕೊಂಡಿದ್ದವು. ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು. ಒಲೆಯ ಯಾವ ಭಾಗವೂ ಮುರಿದಿರಲಿಲ್ಲ. ಒಂದು ದಬ್ಬಣ, ಒಂದು ಹಳೆಯ ಹಲ್ಲುಜ್ಜುವ ಬ್ರಷ್, ತುಸು ಮರಳುಕಾಗದ, ಹೊಸ ಸೆಲ್ಲುಗಳು, ಒಂದೂವರೆ ಗಂಟೆ ಸಮಯ: ಹಿಡಿದದ್ದು ಇಷ್ಟೇ. ಸಂಜೆ ಅದೇ ಒಲೆಯ ಮೇಲೆ ತೊಗರಿಬೇಳೆ ಬೆಂದಿತು.

ಎರಡು ವರ್ಷ ಆಕೆ ಕುಡಿದ ಹೊಗೆಗೆ ಒಂದೂವರೆ ಗಂಟೆಯ ಕೆಲಸ ಯಾರೂ ಹೇಳಿಕೊಡದೆ ಇದ್ದದ್ದೇ ಕಾರಣ. ಈ ಲೇಖನ ಬರೆಯಲು ಕೂತದ್ದು ಆ ಬೇಗುದಿಯಿಂದ.

ಹೊಗೆಯೇ ಉರುವಲು

ಪೆಲೆಟ್ ಎಂದರೆ ಹೊಟ್ಟು, ಗರಗಸದ ಪುಡಿ, ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ, ಹೊಲದ ಕಟ್ಟಿಗೆ ಇವನ್ನು ಪುಡಿಮಾಡಿ ಯಂತ್ರದಲ್ಲಿ ಒತ್ತಿ ತೆಗೆದ ಬೆರಳುಗಾತ್ರದ ತುಂಡು. ಗಿಡದೊಳಗಿನ ಲಿಗ್ನಿನ್ ಎಂಬ ಅಂಟು ಒತ್ತಡದ ಬಿಸಿಗೆ ಮೆತ್ತಗಾಗಿ, ಆರಿದ ಮೇಲೆ ಪುಡಿಯನ್ನು ಹಿಡಿದಿಡುತ್ತದೆ. ಬೇರೆ ಗೋಂದು ಬೇಕಿಲ್ಲ. ದೊಡ್ಡವ್ವ ಇದನ್ನು 'ಗುಳಿಗಿ' ಎನ್ನುತ್ತಾಳೆ. ಆ ಹೆಸರು ನನಗೂ ಹಿಡಿಸಿದೆ.

ಇಂಥ ಗುಳಿಗೆ ಉರಿಸುವ ಮನೆಯ ಒಲೆಗೆ ಕನ್ನಡ ನಾಡಿನಲ್ಲೇ ಒಂದು ದೊಡ್ಡ ಕಥೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರ ಹಳ್ಳಿಯ ಅಡುಗೆಮನೆಯನ್ನು ವಿಜ್ಞಾನದ ವಿಷಯವನ್ನಾಗಿ ಮಾಡಿತು. ಅಲ್ಲಿಂದ ಬಂದ ಹೊಗೆಕೊಳವೆಯ 'ಅಸ್ತ್ರ ಒಲೆ' ಕರ್ನಾಟಕದ ಹಳ್ಳಿಗಳಲ್ಲಿ ಹರಡಿತು. ಅದೇ ಸಂಸ್ಥೆಯ ದಹನ ವಿಜ್ಞಾನಿ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಮುಂದೆ ಪಂಖಾ ಇರುವ ಪುಟ್ಟ ಅನಿಲೀಕರಣ ಒಲೆಯೊಂದನ್ನು ರೂಪಿಸಿದರು. ಬಿ.ಪಿ. ಕಂಪನಿ ಅದನ್ನು 'ಊರ್ಜಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು, 2009ರಿಂದ ಫಸ್ಟ್ ಎನರ್ಜಿ ಕಂಪನಿ ಮುಂದುವರಿಸಿತು. ಮಹಾರಾಷ್ಟ್ರ, ಕರ್ನಾಟಕ ಮೊದಲಾದ ಕಡೆ ಸುಮಾರು 4 ಲಕ್ಷ ಒಲೆಗಳು ಮಾರಾಟವಾದವು. ಜಗತ್ತಿನಲ್ಲಿ ಮನೆಬಳಕೆಗೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಹೋದ ಅನಿಲೀಕರಣ ಒಲೆಗಳು ಕಡಿಮೆ. ಅದರ ವಿಜ್ಞಾನವನ್ನೂ ಊರೂರು ಅಲೆದ ಅನುಭವವನ್ನೂ ಮುಕುಂದ ಮತ್ತು ಸಹಲೇಖಕರು 2010ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ.

ಒಲೆ ಕೆಲಸ ಮಾಡುವ ಬಗೆ ತಿಳಿದರೆ ಅದರ ರೋಗ ಹಿಡಿಯುವುದು ಸುಲಭ. ಗುಂಡಿಯಲ್ಲಿ ಸುಮಾರು 600 ಗ್ರಾಂ ಗುಳಿಗೆ ತುಂಬಿ ಮೇಲಿನಿಂದ ಬೆಂಕಿ ಹಚ್ಚುತ್ತೇವೆ. ಕೆಳಗಿರುವ ಪಂಖಾ ಎರಡು ದಾರಿಯಲ್ಲಿ ಗಾಳಿ ಕಳಿಸುತ್ತದೆ. ತುಸು ಗಾಳಿ ತಳದ ಜಾಲರಿಯಿಂದ ಗುಳಿಗೆಗಳ ನಡುವೆ ಏರುತ್ತದೆ. ಅಷ್ಟು ಗಾಳಿಗೆ ಗುಳಿಗೆ ಪೂರ್ತಿ ಉರಿಯಲಾರದು. ಬೆಂದು ದಟ್ಟ ಹೊಗೆ ಬಿಡುತ್ತದೆ. ಆ ಹೊಗೆಯೇ ನಿಜವಾದ ಉರುವಲು, ಗುಳಿಗೆಯ ತೂಕದ ಮುಕ್ಕಾಲು ಪಾಲು ಹೀಗೆ ಅನಿಲವಾಗಿಯೇ ಹೊರಬರುತ್ತದೆ. ಮಿಕ್ಕ ಗಾಳಿ ಗೋಡೆಯ ಹಿಂದಿನಿಂದ ಹತ್ತಿ, ಕಾದು, ಮೇಲಿನ ಅಂಚಿನ ತೂತುಗಳ ಸಾಲಿನಿಂದ ಹೊರನುಗ್ಗಿ ಆ ಹೊಗೆಯನ್ನು ಸುಡುತ್ತದೆ. ಬೆಂಕಿಯ ಸಾಲು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಗಿ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಆದ ಮೇಲೆ ಗುಂಡಿಯಲ್ಲಿ ಇದ್ದಿಲು ಉಳಿಯುತ್ತದೆ. ಕೊನೆಗೆ ಅದೂ ಉರಿಯುತ್ತದೆ.

ಹಾಗಾಗಿ ಈ ಒಲೆಗೆ ಎರಡು ಮೂಗಿನ ಹೊಳ್ಳೆ ಇವೆ ಎನ್ನಬಹುದು. ಕೆಳಗಿನದು ಕಟ್ಟಿದರೆ ಒಲೆ ಹೊಗೆ ಹುಟ್ಟಿಸುವುದನ್ನೇ ನಿಲ್ಲಿಸಿ ಮಂಕಾಗುತ್ತದೆ. ಮೇಲಿನದು ಕಟ್ಟಿದರೆ ಹುಟ್ಟಿದ ಹೊಗೆ ಸುಡದೆ ಮನೆ ತುಂಬುತ್ತದೆ. ದೊಡ್ಡವ್ವನ ಒಲೆಗೆ ಎರಡೂ ಕಟ್ಟಿದ್ದವು.

ಭಾರತೀಯ ಮಾನಕ ಸಂಸ್ಥೆಯ ಐಎಸ್ 13152, ಅಂದರೆ ಜೈವಿಕ ಉರುವಲಿನ ಒಲೆಗಳಿಗಿರುವ ಮಾನಕ, 2013ರ ಪರಿಷ್ಕರಣೆಯಲ್ಲಿ ಪಂಖಾ ಇಲ್ಲದ ಒಲೆ ಕನಿಷ್ಠ ಶೇ 25ರಷ್ಟು, ಪಂಖಾ ಇರುವ ಒಲೆ ಕನಿಷ್ಠ ಶೇ 35ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕು ಎನ್ನುತ್ತದೆ. ಆ ಹತ್ತು ಅಂಶಗಳ ಅಂತರ ಪಂಖಾ ಕೊಟ್ಟದ್ದು. ಅಂಗೈಯಗಲದ ಆ ಪಂಖಾದ ಮೇಲೆ ಧೂಳು ಕೂತರೆ ಅಂತರವೂ ಹೋಗುತ್ತದೆ.

ತೊಗರಿ ಸೀಮೆಯ ಉರುವಲು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಇವತ್ತು ತೆಲಂಗಾಣದ ಊರುಗಳು. 1956ರ ನವೆಂಬರ್ 1ರವರೆಗೆ ಮೊದಲೆರಡು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಜಹೀರಾಬಾದ್ ತಾಲ್ಲೂಕಿನ ನಿರ್ಣಾ ವೃತ್ತ ಮಾತ್ರ ಮೈಸೂರು ರಾಜ್ಯಕ್ಕೆ ಉಳಿಯಿತು. ಗೆರೆ ಎಳೆದರೂ ಒಲೆ ಬದಲಾಗಲಿಲ್ಲ. ಗಡಿಯ ಈಚೆಗೂ ಆಚೆಗೂ ಅದೇ ಜೋಳದ ರೊಟ್ಟಿ, ಅದೇ ತೊಗರಿ ಕಟ್ಟಿಗೆ, ಅದೇ ಕುಳ್ಳು. ಅಡುಗೆಮನೆಯಲ್ಲಿ ಈಗಲೂ ಕನ್ನಡ, ತೆಲುಗು, ದಖ್ಖನಿ ಒಟ್ಟಿಗೆ ಕುದಿಯುತ್ತವೆ.

ತಾಂಡೂರು ತೊಗರಿಗೆ 2022ರ ಡಿಸೆಂಬರ್‌ನಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಕಲಬುರಗಿ ತೊಗರಿಬೇಳೆಗೆ 2019ರಲ್ಲೇ ಸಿಕ್ಕಿತ್ತು. ಬೇಳೆಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಕಟ್ಟಿಗೆಯ ಸುದ್ದಿ ಬರುವುದಿಲ್ಲ. ಆಳೆತ್ತರ ಬೆಳೆದ ತೊಗರಿ ಗಿಡವನ್ನು ಕೊಯ್ದು, ಬಡಿದು, ಕಾಳು ತೆಗೆದ ಮೇಲೆ ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ. ಹಿತ್ತಿಲ ಗೋಡೆಗೆ ಒರಗಿಸಿದ ತೊಗರಿ ಕಟ್ಟಿಗೆಯ ಹೊರೆ ಈ ಸೀಮೆಯ ಮನೆಗೆ ವರ್ಷದ ಗ್ಯಾಸ್ ಇದ್ದಂತೆ. ಹತ್ತಿ ಕಟ್ಟಿಗೆಯೂ ಇದೆ. ಜಹೀರಾಬಾದಿನ ಕಡೆ ಕಬ್ಬೂ ಇದೆ. ಗುಳಿಗೆಗೆ ಬೇಕಾದ ಕಚ್ಚಾವಸ್ತು ಇಷ್ಟು ಹತ್ತಿರ ಬಿದ್ದಿರುವ ಸೀಮೆಗಳು ಕಡಿಮೆ.

ಎಲ್‌ಪಿಜಿ ಬಂದಿದೆ, ನಿಜ. ಅವಿಭಜಿತ ಆಂಧ್ರದಲ್ಲಿ 1999ರಲ್ಲಿ 'ದೀಪಂ' ಯೋಜನೆ ಬಂತು, ದೇಶಕ್ಕೆ 2016ರ ಮೇ 1ರಂದು ಉಜ್ವಲ ಬಂತು. ತೆಲಂಗಾಣ ಸರ್ಕಾರ 2024ರ ಫೆಬ್ರುವರಿಯಲ್ಲಿ 500 ರೂಪಾಯಿಯ ಸಿಲಿಂಡರ್ ಯೋಜನೆ ಶುರು ಮಾಡಿತು. ಆದರೂ ಸ್ನಾನದ ನೀರು, ದನದ ಬೂಸಾ ಕುದಿಸುವುದು, ಹಬ್ಬದ ದೊಡ್ಡ ಅಡುಗೆ, ತಾಸುಗಟ್ಟಲೆ ಬೇಯುವ ಕಾಳು, ಇವಕ್ಕೆಲ್ಲ ಹಿತ್ತಿಲ ಒಲೆಯೇ ಆಗಬೇಕು. ಅಲ್ಲಿ ಹೊಗೆ ಕುಡಿಯುವವರು ಹೆಂಗಸರು, ಅವರ ಬೆನ್ನ ಹಿಂದೆ ಮಕ್ಕಳು. ಆ ಹಿತ್ತಿಲಿಗೆ ಪೆಲೆಟ್ ಒಲೆ ಒಳ್ಳೆಯ ಉತ್ತರ ಎಂದು ನಾನು ನಂಬಿದ್ದೇನೆ, ಅದನ್ನು ಸ್ವಚ್ಛವಾಗಿ ಇಡಬಲ್ಲೆವಾದರೆ.

ದಿನಕ್ಕೆ ಐದು ನಿಮಿಷ

ಸ್ವಚ್ಛ ಮಾಡುವ ಕೆಲಸ ಒಲೆ ಪೂರ್ತಿ ತಣ್ಣಗಾದ ಮೇಲೆ ಮಾತ್ರ. ಅಡುಗೆ ಮುಗಿಯಿತೆಂದು ಪಂಖಾ ತಕ್ಷಣ ನಿಲ್ಲಿಸಬಾರದು. ಕೆಂಡದ ಕಾವು ಕೆಳಗಿಳಿದು ಪ್ಲಾಸ್ಟಿಕ್ಕಿನ ರೆಕ್ಕೆಯನ್ನೂ ತಂತಿಯನ್ನೂ ಸುಡುತ್ತದೆ. ಕೆಂಡವನ್ನು ಹೊರಗೆ ತೆಗೆದ ಮೇಲೂ ಹತ್ತು ಹದಿನೈದು ನಿಮಿಷ ಪಂಖಾ ಸಣ್ಣಗೆ ತಿರುಗಲಿ.

ಮಾರನೆಯ ಬೆಳಿಗ್ಗೆ ಬೂದಿ ಸುರಿಯುವಾಗ ಒಲೆಯನ್ನು ತಲೆಕೆಳಗು ಮಾಡಿ ನೆಲಕ್ಕೆ ಕುಟ್ಟುವವರನ್ನು ನೋಡಿದ್ದೇನೆ. ಗುಂಡಿಯ ಒಳಗೋಡೆ ಮಣ್ಣಿನ ಜಾತಿಯ ಸೆರಾಮಿಕ್. ಕುಟ್ಟಿದರೆ ಬಿರುಕು ಬಿಡುತ್ತದೆ. ಓರೆ ಮಾಡಿ ಸುರಿಯಿರಿ, ಉಳಿದದ್ದನ್ನು ಮೆತ್ತಗಿನ ಬ್ರಷ್‌ನಿಂದ ಎಳೆಯಿರಿ. ಆಮೇಲೆ ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಎಲ್ಲ ತೂತಿನಲ್ಲೂ ಬೆಳಕು ಕಂಡರೆ ದಿನದ ಕೆಲಸ ಮುಗಿಯಿತು. ಕಾಣದ ತೂತಿಗೆ ಕಸಬರಿಗೆ ಕಡ್ಡಿ ಸಾಕು.

ವಾರಕ್ಕೊಮ್ಮೆ ಮೇಲಿನ ಅಂಚಿನ ತೂತುಗಳ ಸರದಿ. ಕಡ್ಡಿಗೆ ಅಲ್ಲಿನ ಅಂಟು ಜಗ್ಗುವುದಿಲ್ಲ, ದಬ್ಬಣ ಬೇಕು. ಚುಚ್ಚಿ ತಿರುಗಿಸಿ ತೆಗೆಯಬೇಕು, ತೂತು ದೊಡ್ಡದಾಗುವಂತೆ ಕೊರೆಯಬಾರದು. ತೂತಿನ ಅಳತೆಯಲ್ಲೇ ಒಲೆಯ ಲೆಕ್ಕ ಅಡಗಿದೆ. ಉಳಿದ ಅಂಟಿಗೆ ಉಪಾಯ ಸರಳ: ಒಂದು ಸಲ ಚೆನ್ನಾಗಿ ಒಣಗಿದ ಗುಳಿಗೆ ಹಾಕಿ, ಪಂಖಾ ಜೋರಾಗಿಟ್ಟು, ಹೊರಗೆ ಬಯಲಿನಲ್ಲಿ ಒಲೆಯನ್ನು ಪೂರ್ತಿ ಉರಿಸಿಬಿಡಿ. ಅಂಟು ಸುಟ್ಟು ಪುಡಿಯಾಗುತ್ತದೆ.

ಪಂಖಾ ತಿಂಗಳಿಗೊಮ್ಮೆ ನೋಡುವ ವಸ್ತು. ತಾಂಡೂರಿನವರು ಮಾತ್ರ ಹದಿನೈದು ದಿನಕ್ಕೊಮ್ಮೆ ನೋಡಬೇಕು. ಬಂಡೆ ಕೊಯ್ದು ಪಾಲಿಶ್ ಮಾಡುವ ಘಟಕಗಳು, ಸಿಮೆಂಟ್ ಕಾರ್ಖಾನೆಗಳು ಇರುವ ಊರಿನ ಗಾಳಿಯಲ್ಲಿ ಸುಣ್ಣದ ಕಲ್ಲಿನ ನಯವಾದ ಪುಡಿ ಇರುತ್ತದೆ. ತೇವ ತಗುಲಿದರೆ ಅದು ರೆಕ್ಕೆಗೆ ಗಾರೆಯಂತೆ ಕಚ್ಚುತ್ತದೆ. ಜಹೀರಾಬಾದಿನ ಕೆಂಪು ಧೂಳು ಅಷ್ಟು ಕಾಡುವುದಿಲ್ಲ, ಒಣ ಬ್ರಷ್‌ಗೆ ಉದುರುತ್ತದೆ. ಏನೇ ಆದರೂ ಪಂಖಾಕ್ಕೆ ನೀರು ತಾಗಿಸಬೇಡಿ. ಸೆಲ್ ತೆಗೆದು, ಸ್ಕ್ರೂ ಬಿಚ್ಚಿ, ರೆಕ್ಕೆಯನ್ನು ಒಣಬಟ್ಟೆಯಲ್ಲಿ ಒರೆಸಿ, ನಡುಗಂಬಕ್ಕೆ ಸುತ್ತಿದ ಕೂದಲನ್ನು ಚಿಮುಟದಿಂದ ಎಳೆದು, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಡಿ. ಅಡುಗೆ ಎಣ್ಣೆ ಬಿಟ್ಟರೆ ನಾಲ್ಕು ದಿನಕ್ಕೆ ಅಂಟಾಗಿ ಪಂಖಾ ಹಿಡಿದುಕೊಳ್ಳುತ್ತದೆ. ಸೆಲ್ ತಾಗುವ ತಗಡಿನ ಕಿಲುಬನ್ನು ಮರಳುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ. ಸೆಲ್ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಹೊಸದರ ಜೊತೆ ಹಳೆಯದು ಸೇರಿಸಿದರೆ ಹಳೆಯದೇ ಹೊಸದನ್ನು ಕೆಡಿಸುತ್ತದೆ.

ಗುಳಿಗೆಯ ಪರೀಕ್ಷೆ

ಒಲೆಯನ್ನು ಎಷ್ಟು ತಿಕ್ಕಿದರೂ ಗುಳಿಗೆ ಕೆಟ್ಟಿದ್ದರೆ ಕೆಲಸ ನಡೆಯದು. ಒಳ್ಳೆಯ ಗುಳಿಗೆಯ ಮೈ ಮಿನುಗುತ್ತದೆ. ಬೆರಳಲ್ಲಿ ಮುರಿದರೆ ಟಕ್ಕೆಂದು ಸದ್ದು ಮಾಡಿ ಮುರಿಯುತ್ತದೆ. ಸದ್ದಿಲ್ಲದೆ ಬಾಗಿ ಪುಡಿಯಾದರೆ ತೇವ ಕುಡಿದಿದೆ ಎಂದೇ ಅರ್ಥ. ನೀರಿಗೆ ಹಾಕಿದರೆ ಗಟ್ಟಿ ಗುಳಿಗೆ ಮುಳುಗುತ್ತದೆ, ಸಡಿಲವಾಗಿ ಒತ್ತಿದ್ದು ತೇಲುತ್ತದೆ. ಚೀಲದ ತಳದಲ್ಲಿ ಪುಡಿ ಬಹಳ ಇದ್ದರೆ ಮಾರುವವನಿಗೆ ತೋರಿಸಿ ಕೇಳಿ.

ಗುಳಿಗೆಯಲ್ಲಿರುವ ನೀರಿನ ಅಂಶ ಶೇ 10ರ ಒಳಗಿರಬೇಕು. ಆಷಾಢ ಶ್ರಾವಣದ ಗಾಳಿಯಲ್ಲಿ ಬಾಯಿ ಬಿಚ್ಚಿಟ್ಟ ಚೀಲದ ಗುಳಿಗೆ ಮಳೆಗೆ ನೆನೆಯದೆಯೇ ಊದಿಕೊಳ್ಳುತ್ತದೆ. ಗೋಣಿಚೀಲ ಕಟ್ಟಿಗೆಗೆ ಸರಿ, ಗುಳಿಗೆಗೆ ಬಿಗಿ ಮುಚ್ಚಳದ ತಗಡಿನ ಡಬ್ಬಿಯೇ ಆಗಬೇಕು. ಅದನ್ನೂ ನೆಲಕ್ಕೆ ಇಡದೆ ಎರಡು ಇಟ್ಟಿಗೆಯ ಮೇಲೆ ಇಡಬೇಕು. ತುಂಬುವ ಮುಂಚೆ ಜರಡಿ ಹಿಡಿಯುವುದು ಮರೆಯಬೇಡಿ. ಪುಡಿ ಗುಳಿಗೆಗಳ ಸಂದಿಯನ್ನು ತುಂಬಿ ಕೆಳಗಿನ ಗಾಳಿಯನ್ನು ತಡೆಯುತ್ತದೆ. ದೊಡ್ಡವ್ವ ಈಗ ಜೋಳ ಕೇರುವ ಮೊರದಲ್ಲೇ ಗುಳಿಗೆಯನ್ನೂ ಕೇರುತ್ತಾಳೆ.

ಯಾವುದರಿಂದ ಮಾಡಿದ್ದು ಎಂದು ಕೇಳಿ ಕೊಳ್ಳುವುದು ಮೇಲು. ಗರಗಸದ ಪುಡಿಯ ಗುಳಿಗೆ ಉರಿದ ಮೇಲೆ ಹಿಡಿಯಷ್ಟು ಬೂದಿಯನ್ನೂ ಬಿಡುವುದಿಲ್ಲ. ಭತ್ತದ ಹೊಟ್ಟಿನದಾದರೆ ತೂಕದ ಐದನೇ ಒಂದು ಭಾಗ ಬೂದಿಯೇ. ಬೆಲೆ ಕಡಿಮೆಯೆಂದು ಅದನ್ನು ತಂದರೆ ದಿನದ ಐದು ನಿಮಿಷದ ಕೆಲಸ ಅರ್ಧ ಗಂಟೆಗೆ ಏರುತ್ತದೆ. ತೊಗರಿ, ಹತ್ತಿ ಕಟ್ಟಿಗೆಯವು ಇವೆರಡರ ನಡುವೆ ಬರುತ್ತವೆ.

ಒಲೆ ಹೇಳುವ ರೋಗಲಕ್ಷಣ

ಹಚ್ಚಿದ ಹೊತ್ತಿನಲ್ಲೇ ಹೊಗೆ ಬಂದರೆ ಮೊದಲ ಅನುಮಾನ ತೇವದ ಗುಳಿಗೆಯ ಮೇಲೆ. ಎರಡನೆಯದು ಅತಿಯಾಗಿ ತುಂಬಿದ್ದರ ಮೇಲೆ. ಗುಳಿಗೆಯ ಮಟ್ಟ ಮೇಲಿನ ತೂತುಗಳ ಸಾಲಿಗಿಂತ ಕೆಳಗೇ ಇರಬೇಕು. ಅದನ್ನು ಮುಚ್ಚುವಷ್ಟು ತುಂಬಿದರೆ ಒಲೆಯ ಮೂಗನ್ನು ನಾವೇ ಹಿಡಿದಂತೆ. ಹಚ್ಚಲು ಸಣ್ಣ ಚಕ್ಕೆಗಳು, ತೆಂಗಿನ ನಾರು ಒಳ್ಳೆಯದು. ಮೊದಲ ಎರಡು ನಿಮಿಷ ಪಂಖಾ ಸಣ್ಣಗಿರಲಿ, ಜೋರಾಗಿ ಬಿಟ್ಟರೆ ಹಸುಗೂಸಿನಂಥ ಉರಿ ಆರಿಹೋಗುತ್ತದೆ.

ಉರಿಯುತ್ತಿದ್ದ ಒಲೆ ನಡುವೆ ಒಮ್ಮೆಗೇ ಬಿಳಿ ದಟ್ಟ ಹೊಗೆ ಕಾರತೊಡಗಿದರೆ ಜನ ಹೆದರಿ ನೀರು ಸುರಿಯುತ್ತಾರೆ. ನೀರು ಬಿದ್ದ ಕಾದ ಸೆರಾಮಿಕ್ ಸೀಳಿಹೋಗುತ್ತದೆ. ಅಲ್ಲಿ ಆಗಿರುವುದು ಇಷ್ಟು: ಬೀಸಿದ ಗಾಳಿಗೋ ಉಕ್ಕಿದ ಅನ್ನದ ಗಂಜಿಗೋ ಮೇಲಿನ ಉರಿ ಆರಿದೆ, ಕೆಳಗಿನ ಕಾವು ಮಾತ್ರ ಹೊಗೆ ಹುಟ್ಟಿಸುತ್ತಲೇ ಇದೆ. ಆ ಹೊಗೆ ಉರುವಲು ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಮತ್ತೆ ಬೆಂಕಿ ಮುಟ್ಟಿಸಿದರೆ ಸಾಕು. ಪಾತ್ರೆ ಇಳಿಸಿ, ಮುಖ ದೂರವಿಟ್ಟು, ಉದ್ದನೆಯ ಕಡ್ಡಿಯ ತುದಿಗೆ ಉರಿ ಮಾಡಿ ಒಲೆಯ ಬಾಯಿಗೆ ಹಿಡಿಯಿರಿ. ಭುಗ್ಗೆಂದು ಹತ್ತಿ ಹೊಗೆ ಮಾಯವಾಗುತ್ತದೆ. ಮಕ್ಕಳನ್ನು ಈ ಕೆಲಸಕ್ಕೆ ಬಿಡಬೇಡಿ.

ನಡುವೆ ಗುಳಿಗೆ ಸೇರಿಸುವುದೂ ಇದೇ ತೊಂದರೆ ತರುತ್ತದೆ. ಕಟ್ಟಿಗೆ ಒಲೆಯ ಅಭ್ಯಾಸದವರಿಗೆ ಉರಿ ಇಳಿದರೆ ಕೈ ತಾನಾಗಿ ಉರುವಲಿನ ಕಡೆ ಹೋಗುತ್ತದೆ. ಈ ಒಲೆಗೆ ಒಂದು ಸಲ ತುಂಬಿದರೆ ಮುಗಿಯಿತು. ಹೆಚ್ಚು ಹೊತ್ತಿನ ಅಡುಗೆಯಾದರೆ ಪಂಖಾ ಸಣ್ಣಗಿಟ್ಟು ನಡೆಸಬೇಕು, ಇಲ್ಲವೇ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಬೇಕು. ಇದು ಈ ಒಲೆಯ ನಿಜವಾದ ಕೊರತೆ. ರೊಟ್ಟಿ ಬಡಿಯುವ ಹೆಂಗಸಿಗೆ ಹಂಚಿನ ಕಾವು ಕ್ಷಣಕ್ಷಣಕ್ಕೆ ಏರಿಳಿಸುವ ಅನುಕೂಲ ಬೇಕು, ಅದನ್ನು ಇದು ಕಟ್ಟಿಗೆ ಒಲೆಯಷ್ಟು ಕೊಡುವುದಿಲ್ಲ. ಬೇಳೆ, ಅನ್ನ, ನೀರು ಕಾಯಿಸಲು ಇದನ್ನು ಮೀರಿಸಿದ್ದಿಲ್ಲ.

ಉರಿ ಹಳದಿಯಾಗಿ ಉದ್ದಕ್ಕೆ ಎದ್ದು ಪಾತ್ರೆಯ ತಳಕ್ಕೆ ಮಸಿ ಹಿಡಿಸುತ್ತಿದ್ದರೆ ಮೇಲಿನ ತೂತು ಕಟ್ಟಿದೆ ಅಥವಾ ಪಂಖಾ ಸೋತಿದೆ. ಯಾವುದೆಂದು ತಿಳಿಯಲು ತಣ್ಣನೆಯ ಖಾಲಿ ಒಲೆಯ ಬಾಯಿಗೆ ತೆಳ್ಳನೆಯ ಕಾಗದದ ಪಟ್ಟಿ ಹಿಡಿದು ಪಂಖಾ ಬಿಡಿ. ಅಂಚಿನ ಸುತ್ತ ಎಲ್ಲ ಕಡೆ ಕಾಗದ ಒಂದೇ ಸಮ ಅಲುಗಾಡಬೇಕು. ಒಂದು ಕಡೆ ಸುಮ್ಮನಿದ್ದರೆ ಅಲ್ಲಿನ ತೂತು ಕಟ್ಟಿದೆ, ಎಲ್ಲ ಕಡೆ ಮೆತ್ತಗಿದ್ದರೆ ಸೆಲ್ ಇಳಿದಿದೆ. ಸೆಲ್ ಹೊಸದಾಗಿದ್ದೂ ಮೆತ್ತಗಿದ್ದರೆ ಮೋಟರ್. ಅದಕ್ಕೆ ಕಂಪನಿಯನ್ನೇ ಕಾಯಬೇಕೆಂದಿಲ್ಲ. ಕೂಲರ್, ಮಿಕ್ಸರ್, ಮೊಬೈಲ್ ರಿಪೇರಿ ಮಾಡುವ ಹುಡುಗರು ಜಹೀರಾಬಾದಿನಲ್ಲೂ ತಾಂಡೂರಿನಲ್ಲೂ ಸಾಕಷ್ಟಿದ್ದಾರೆ. ಅಷ್ಟೇ ವೋಲ್ಟಿನ ಸಣ್ಣ ಪಂಖಾ ಹುಡುಕಿ ಕೂರಿಸುವುದು ಅವರಿಗೆ ದೊಡ್ಡ ಕೆಲಸವಲ್ಲ.

ಬೂದಿ ಕರಗಿ ಗಾಜಿನ ಉಂಡೆಯಂತೆ ಕಟ್ಟುವುದು ಇನ್ನೊಂದು ರೋಗ. ಹುಲ್ಲು, ಹೊಟ್ಟಿನ ಗುಳಿಗೆಯಲ್ಲಿ ಪೊಟ್ಯಾಷ್ ಮತ್ತು ಮರಳಿನ ಅಂಶ ಹೆಚ್ಚು. ಪಂಖಾ ಸದಾ ಜೋರಾಗಿದ್ದರೆ ತಳದ ಕಾವು ಏರಿ ಅವೆರಡೂ ಕೂಡಿ ಕರಗುತ್ತವೆ, ತಣ್ಣಗಾದಾಗ ಜಾಲರಿಗೆ ಕಚ್ಚಿಕೊಳ್ಳುತ್ತವೆ. ಮರಳು ಮಣ್ಣು ಬೆರೆತ ಕಟ್ಟಿಗೆಯಿಂದ ಮಾಡಿದ ಗುಳಿಗೆಗೂ ಹೀಗೇ. ಕೊನೆಯ ಇದ್ದಿಲಿನ ಹೊತ್ತಿನಲ್ಲಿ ಪಂಖಾ ಇಳಿಸುವುದು ಇದಕ್ಕೆ ಮದ್ದು. ಕಟ್ಟಿದ ಉಂಡೆಯನ್ನು ಜಾಲರಿ ಹೊರತೆಗೆದು ಒಡೆಯಿರಿ, ಗುಂಡಿಯೊಳಗೆ ಸುತ್ತಿಗೆ ಆಡಿಸಬೇಡಿ.

ಸೆರಾಮಿಕ್ ಗೋಡೆಯ ಕೂದಲೆಳೆ ಬಿರುಕಿಗೆ ಚಿಂತೆ ಬೇಡ. ಚೂರು ಉದುರಿ ಹೊರಗಿನ ತಗಡು ಕೆಂಪಾಗತೊಡಗಿದರೆ ಆ ಒಲೆಯನ್ನು ಉರಿಸಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಭಟ್ಟಿಗೆ ಬಳಸುವ ಬೆಂಕಿ ತಡೆಯುವ ಸಿಮೆಂಟ್ ಸಿಗುತ್ತದೆ, ಅದನ್ನು ಮೆತ್ತಿ ಎರಡು ದಿನ ಆರಲು ಬಿಟ್ಟು, ಮೊದಲ ಉರಿಯನ್ನು ಸಣ್ಣಗೆ ಮಾಡಿ. ಮನೆ ಕಟ್ಟುವ ಸಿಮೆಂಟ್ ಆ ಕಾವಿಗೆ ಒಡೆದು ಸಿಡಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಉರಿ ಆರಿ ಇದ್ದಿಲು ಮಾತ್ರ ಕೆಂಪಗಿರುವಾಗ ಹೊಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಜನ ಒಲೆ ಶಾಂತವಾಯಿತೆಂದು ತಿಳಿಯುತ್ತಾರೆ. ಆ ಹೊತ್ತಿನಲ್ಲೇ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಹೊರಡುವುದು. ಪುಷ್ಯ ಮಾಸದ ಚಳಿಗೆ ಈ ಕೆಂಡದ ಒಲೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಂಡವರು ನಿದ್ದೆಯಲ್ಲೇ ಸಾಯಬಹುದು. ಪೆಲೆಟ್ ಒಲೆ ಚಳಿ ಕಾಯಿಸುವ ಅಗ್ಗಿಷ್ಟಿಕೆ ಅಲ್ಲ. ಅಮೆರಿಕದ ಚಳಿ ರಾಜ್ಯಗಳಲ್ಲಿರುವ ನಮ್ಮವರ ಮನೆಗಳಲ್ಲಿ ಕಾಣುವ, ಗಾಜಿನ ಬಾಗಿಲಿನ ದೊಡ್ಡ ಪೆಲೆಟ್ ಒಲೆ ಬೇರೆಯೇ ಜಾತಿ. ಅದಕ್ಕೆ ಹೊಗೆಯನ್ನು ಮನೆಯಿಂದ ಆಚೆ ಒಯ್ಯುವ ಕೊಳವೆ ಇರುತ್ತದೆ. ಅಲ್ಲೂ ಬೂದಿ ತೆಗೆಯದೆ, ಕೊಳವೆ ಗುಡಿಸದೆ ಬಿಟ್ಟರೆ ಇದೇ ಗತಿ.

ಬೂದಿ ಹೋಗುವ ದಾರಿ

ತೆಗೆದ ಬೂದಿಯಲ್ಲಿ ಕಿಡಿ ಒಂದು ದಿನದವರೆಗೂ ಜೀವ ಹಿಡಿದಿರಬಲ್ಲದು. ಹೊಸದಾಗಿ ತೆಗೆದ ಬೂದಿಯನ್ನು ತೊಗರಿ ಕಟ್ಟಿಗೆಯ ಹೊರೆಯ ಹತ್ತಿರವಾಗಲಿ, ಪ್ಲಾಸ್ಟಿಕ್ ಬುಟ್ಟಿಗಾಗಲಿ ಸುರಿಯಬಾರದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ, ಕಲ್ಲಿನ ನೆಲದ ಮೇಲೆ ಒಂದು ದಿನ ಇರಲಿ.

ಆಮೇಲೆ ಅದು ಬಂಗಾರ. ಜಹೀರಾಬಾದ್ ಸೀಮೆಯ ಹೆಂಗಸರಿಗೆ ಬೂದಿಯ ಬೆಲೆ ಹೇಳಿಕೊಡುವ ಅಗತ್ಯವಿಲ್ಲ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ದಲಿತ ಮಹಿಳೆಯರು ಸಜ್ಜೆ, ನವಣೆ, ತೊಗರಿಯ ಬಿತ್ತನೆ ಬೀಜವನ್ನು ಬೂದಿ ಮತ್ತು ಬೇವಿನ ಎಲೆ ಬೆರೆಸಿ ಬುಟ್ಟಿಯಲ್ಲಿ ಕಾಪಿಡುವುದು ದೇಶಕ್ಕೇ ಗೊತ್ತಿರುವ ವಿದ್ಯೆ. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಗುಳಿಗೆಯ ಬೂದಿ ನಯವಾಗಿ, ಇದ್ದಿಲಿಲ್ಲದೆ ಬರುವುದರಿಂದ ಜರಡಿ ಹಿಡಿದರೆ ಬೀಜದ ಬುಟ್ಟಿಗೆ ಸೊಗಸಾಗಿ ಒಪ್ಪುತ್ತದೆ. ಒಂದೇ ಷರತ್ತು: ಒಲೆಯಲ್ಲಿ ಪ್ಲಾಸ್ಟಿಕ್ ಸುಟ್ಟಿರಬಾರದು. ಹಚ್ಚಲು ಹಾಲಿನ ಪಾಕೀಟು ತುರುಕುವ ಅಭ್ಯಾಸ ಇದ್ದವರು ಆ ಬೂದಿಯನ್ನು ಬೀಜಕ್ಕೂ ಪಾತ್ರೆಗೂ ಬಳಸಬೇಡಿ.

ಯಾರು ಕಲಿಸಬೇಕು?

ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 1983ರಲ್ಲಿ ಶುರುವಾಗಿ 2002ರಲ್ಲಿ ನಿಂತಿತು. ಕೋಟಿಗಟ್ಟಲೆ ಒಲೆ ಕೊಟ್ಟರು. ಹೊಗೆಕೊಳವೆಯಲ್ಲಿ ಮಸಿ ಕಟ್ಟಿದಾಗ ಗುಡಿಸುವ ಕೈ ಇಲ್ಲದೆ ಬಹಳ ಒಲೆಗಳು ಮೂಲೆ ಸೇರಿದವು. ಪೆಲೆಟ್ ಒಲೆಗೂ ಅದೇ ಆಯಿತು, ಜೊತೆಗೆ ಇನ್ನೊಂದು ಪೆಟ್ಟು ಬಿತ್ತು. ಕಚ್ಚಾವಸ್ತುವಿನ ಬೆಲೆ ಏರಿದಂತೆ ಗುಳಿಗೆಯ ಬೆಲೆಯೂ ಏರಿತು, ಕಂಪನಿಗಳು ಮನೆ ಬಿಟ್ಟು ಹೋಟೆಲುಗಳ ಕಡೆ ತಿರುಗಿದವು. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಶೇ 5ರಷ್ಟು ಪೆಲೆಟ್ ಉರಿಸಬೇಕೆಂದು ನೀತಿ ತಂದಿತು. ಹೊಲದಲ್ಲೇ ಸುಟ್ಟುಹೋಗುವ ಹುಲ್ಲಿಗೆ ಬೆಲೆ ಬರುತ್ತದೆ, ಅದು ಒಳ್ಳೆಯದೇ. ಆದರೆ ಲಾರಿಗಟ್ಟಲೆ ಕೊಳ್ಳುವ ಸ್ಥಾವರದ ಮುಂದೆ ತಿಂಗಳಿಗೆ ಒಂದು ಚೀಲ ಕೊಳ್ಳುವ ಹೆಂಗಸು ಗಿರಾಕಿಯಾಗಿ ಕಾಣುವುದು ಕಷ್ಟ. ತೊಗರಿ ಕಟ್ಟಿಗೆ ಬೆಳೆಯುವ ಊರಿನಲ್ಲೇ, ರೈತ ಸಂಘವೋ ಮಹಿಳಾ ಸಂಘವೋ ನಡೆಸುವ ಸಣ್ಣ ಗುಳಿಗೆ ಯಂತ್ರ ಇರಬೇಕೆಂದು ನಾನು ಹೇಳುವುದು ಇದಕ್ಕೆ.

ಕಲಿಸುವ ಬಾಯಿಗೂ ಕೊರತೆಯಿಲ್ಲ. ಜಹೀರಾಬಾದಿನ ಹತ್ತಿರದ ಮಾಚನೂರಿನಲ್ಲಿ 2008ರಿಂದ ದಲಿತ ಮಹಿಳೆಯರೇ ನಡೆಸುವ ಸಂಘಂ ರೇಡಿಯೊ ಇದೆ. ಬೀಜದ ಬಗ್ಗೆ, ಮಳೆಯ ಬಗ್ಗೆ, ಅಡುಗೆಯ ಬಗ್ಗೆ ಮಾತಾಡಿದ ಆ ದನಿಯಲ್ಲಿ ದಬ್ಬಣ ಹಿಡಿಯುವ ಬಗೆ, ಕಾಗದದ ಪಟ್ಟಿಯ ಪರೀಕ್ಷೆ ಕೇಳಿಬಂದರೆ ನಾಲ್ಕು ಹಳ್ಳಿಯ ಅಟ್ಟದಿಂದ ಒಲೆಗಳು ಕೆಳಗಿಳಿಯುತ್ತವೆ. ಒಲೆ ಹಂಚುವ ಯಾವುದೇ ಇಲಾಖೆ, ಸಂಸ್ಥೆ ಪ್ರತಿ ಒಲೆಯ ಜೊತೆ ಒಂದು ಬ್ರಷ್, ಒಂದು ದಬ್ಬಣ, ಒಂದು ಜೊತೆ ಹೆಚ್ಚುವರಿ ಸೆಲ್ ಕೊಡಲಿ. ಹತ್ತು ಹಳ್ಳಿಗೆ ಒಬ್ಬ ರಿಪೇರಿಯ ಹೆಣ್ಣುಮಗಳನ್ನು ತಯಾರು ಮಾಡಲಿ. ಒಲೆ ಯಾಕೆ ಕೆಟ್ಟಿತೆಂದು ಉರಿಸುವವಳಿಗೆ ಮೊದಲು ತಿಳಿಯುತ್ತದೆ, ದೊಡ್ಡವ್ವನಿಗೆ ತಿಳಿದ ಹಾಗೆ.

ಮೊನ್ನೆ ಫೋನಿನಲ್ಲಿ ಆಕೆ, "ಶುಕ್ರಾರಕ್ಕೊಮ್ಮಿ ದಬ್ಬಣ ಹಾಕ್ತೀನಪಾ, ಪಾತ್ರಿ ತಳ ಬೆಳ್ಳಗದ," ಎಂದಳು. ಪಕ್ಕದ ಮನೆಯವರೂ ತಮ್ಮ ಒಲೆ ತಂದು ತೋರಿಸಿದ್ದಾರಂತೆ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥದೊಂದು ಒಲೆ ಕೂತಿದ್ದರೆ, ಮಿರಗ ಮಳೆ ಹಿಡಿಯುವ ಮುಂಚೆ ಇಳಿಸಿ. ಹೊಸ ಸೆಲ್ ಹಾಕಿ, ಮೊದಲು ಪಂಖಾ ತಿರುಗುತ್ತದೆಯೇ ನೋಡಿ.